ಸ್ಯಾಮಣ್ಣನ ದನಿಯೂ ನನ್ನ ಬೆನ್ನಿನ ತಿರುಪೂ

ನಾನೊಂದು ಟೇಪ್ ರೆಕಾರ್ಡರ್. ಹೊಟ್ಟೆಯಲ್ಲಿ ರೇಡಿಯೋ ಕೂಡ ಇರುವುದರಿಂದ ನನ್ನನ್ನು ಟೂ-ಇನ್-ವನ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ನನ್ನ ಹಣೆಯ ಮೇಲೆ ಜಪಾನಿನ ಹೆಸರು ಹೊಳೆಯುತ್ತದೆ. ಹುಟ್ಟಿದ್ದು ಮಾತ್ರ ದೆಹಲಿಯ ಒಂದು ಗಲ್ಲಿಯಲ್ಲಿ. ಒಬ್ಬ ಮೋಟರು ಕೂರಿಸಿದ, ಇನ್ನೊಬ್ಬ ತಂತಿ ಬೆಸೆದ, ಮೂರನೆಯವನು ಬೀಡಿ ಸೇದುತ್ತಾ ಆ ಜಪಾನಿ ಹೆಸರನ್ನು ಅಂಟಿಸಿ ಮುಷ್ಟಿಯಿಂದ ಒಂದು ಗುದ್ದು ಕೊಟ್ಟ. ಅಲ್ಲಿಗೆ ನನ್ನ ನಾಮಕರಣ ಮುಗಿಯಿತು. ಹುಟ್ಟಿದ ದಿನವೇ ಸುಳ್ಳು ಹೆಸರು ಹೊತ್ತವನು ನಾನು, ಒಪ್ಪಿಕೊಳ್ಳುತ್ತೇನೆ. ಆದರೆ ಮುಂದೆ ಹೇಳಲಿರುವ ದೊಡ್ಡ ಸುಳ್ಳಿದೆಯಲ್ಲ, ಅದನ್ನು ನಾನು ಬೇಕೆಂದು ಹೇಳಿದ್ದಲ್ಲ. ದೇವರಾಣೆ.

ಗದಗ ಮುಟ್ಟುವಷ್ಟರಲ್ಲಿ ಲಾರಿಯ ಕುಲುಕಾಟಕ್ಕೆ ರೇಡಿಯೋದ ಮುಳ್ಳು ಕಳಚಿಬಿದ್ದಿತ್ತು. ಹೀಗಾಗಿ ಜೀವಮಾನದಲ್ಲಿ ಒಮ್ಮೆಯೂ ನಾನು ರೇಡಿಯೋ ಹಾಡಲಿಲ್ಲ. ಕ್ಯಾಸೆಟ್ಟೇ ನನ್ನ ಹೊಟ್ಟೆಪಾಡು.

ನನ್ನನ್ನು ಮೊದಲು ಮನೆಗೆ ಕರೆದೊಯ್ದವರು ಸಂಗೀತ ಕಲಿಸುತ್ತಿದ್ದ ಅನಸೂಯಾಬಾಯಿ. ಊರಿಗೆಲ್ಲ ಅವರು ಅನಸೂಯಕ್ಕಾರು. ಅವರ ಗುರುಗಳು ಹಾಡಿದ ಭಜನೆಗಳ ಎರಡು ಕ್ಯಾಸೆಟ್ ಅವರಲ್ಲಿದ್ದವು. ಅವನ್ನು ನನ್ನಲ್ಲಿ ಹಾಕಿ ಹುಡುಗಿಯರಿಗೆ ಜೊತೆಗೆ ಹಾಡಿಸುವುದು ಅವರ ಪಾಠದ ಪದ್ಧತಿ. ಗುರುಗಳ ದನಿಯೋ ಆಕಾಶದಲ್ಲಿತ್ತು. ಹುಡುಗಿಯರು ಮೇಲಿನ ಷಡ್ಜಕ್ಕೆ ಏರಲಾರದೆ ಕೆಮ್ಮುತ್ತಿದ್ದರು. ಒಂದು ವಾರ ನೋಡಿದ ಅಕ್ಕಾರು ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಟೇಷನ್ ರಸ್ತೆಯ ರೇಡಿಯೋ ರಿಪೇರಿ ಖಾದರಸಾಬರ ಮುಂದೆ ನಿಂತರು.

"ಖಾದರಸಾಬ, ಇದರ ಸುರಾ ಒಂದೀಟು ಇಳಿಸಿ ಕೊಡ್ರಿ. ನಮ್ಮ ಹುಡಿಗ್ಯಾರ ದನಿ ಮುಟ್ಟವಲ್ದು. ನನ್ನ ಪೆಟಗಿಯ ಕರಿ ಎರಡಕ್ಕ ಬಂದು ಕೂತ್ರ ಸಾಕು." ಪೆಟಗಿ ಅಂದರೆ ಅವರ ಹಾರ್ಮೋನಿಯಂ, ಕರಿ ಎರಡು ಅಂದರೆ ಅದರ ಎರಡನೆಯ ಕರಿ ಮನೆ.

"ಅಕ್ಕಾರ, ಸುರಾ ಇಳದ್ರ ಹಾಡೂ ನಿಧಾನ ಆಕ್ಕೈತ್ರಿ."

"ಆಗ್ಲಿ ಬಿಡ್ರಿ. ಕಲಿಯೋರಿಗೆ ನಿಧಾನನ ಚಲೋ."

ಖಾದರಸಾಬರು ನನ್ನ ಬೆನ್ನು ಬಿಚ್ಚಿದರು. ಮೋಟರಿನ ಹಿಂಬದಿ ಒಂದು ಸಣ್ಣ ತೂತಿದೆ, ಅದರೊಳಗೆ ಒಂದು ತಿರುಪು. ಅದನ್ನು ತಿರುವಿದರೆ ನನ್ನ ಓಟ ಹೆಚ್ಚು ಕಡಿಮೆ ಆಗುತ್ತದೆ. ಅಕ್ಕಾರು ಪೆಟಗಿ ತರಿಸಿ ಕರಿ ಎರಡನ್ನು ಒತ್ತಿ ಹಿಡಿದರು, ಖಾದರಸಾಬರು ಕಿವಿಗೊಟ್ಟು ತಿರುವಿದರು. ಎರಡೂ ದನಿ ಒಂದಾದಾಗ ಅಕ್ಕಾರು ಕಣ್ಣು ಮುಚ್ಚಿ "ಹಾಂ!" ಎಂದರು. ಖಾದರಸಾಬರು ಅಲ್ಲೊಂದು ಕೆಂಪು ನೇಲ್‌ಪಾಲಿಶ್ ಚುಕ್ಕೆ ಇಟ್ಟು, ಒಂದು ಚೀಟಿ ಬರೆದು ಬ್ಯಾಟರಿ ಗೂಡಿನೊಳಗೆ ಅಂಟಿಸಿದರು. ನಾನು ಗೋಡೆಯ ಕರೆಂಟಿನಲ್ಲೇ ಓಡುತ್ತಿದ್ದೆ. ಆ ಗೂಡನ್ನು ಆಮೇಲೆ ಯಾರೂ ತೆರೆಯಲಿಲ್ಲ. ಈ ತಿರುಪನ್ನು ನೆನಪಿಟ್ಟುಕೊಳ್ಳಿ. ನಾನು ಮರೆತುಬಿಟ್ಟೆ, ಅದೇ ನನ್ನ ತಪ್ಪು.

ಎಂಟು ವರ್ಷದ ಮೇಲೆ ಅಕ್ಕಾರು ಸೊಲ್ಲಾಪುರದ ಮಗಳ ಮನೆಗೆ ಹೊರಟರು. ಅವರ ಪೆಟಗಿಗೆ ಅಂದವಾದ ಹೊದಿಕೆ ಹೊಲಿದುಕೊಟ್ಟಿದ್ದ ಕಾಳಪ್ಪ ಬಡಿಗೇರನ ಕೈಯಲ್ಲಿ ನನ್ನನ್ನಿಟ್ಟು, "ಸಂಭಾಳಿಸಿಕೋ ತಮ್ಮಾ, ಭಾಳ ಹಾಡೇತಿ ಇದು" ಎಂದರು. ತಿರುಪಿನ ಸುದ್ದಿ ಹೇಳಲು ಅವರಿಗೂ ನೆನಪಾಗಲಿಲ್ಲ. ರೈಲಿಗೆ ಹೊತ್ತಾಗಿತ್ತು.

ಕಾಳಪ್ಪನದು ಬೈಕಿನ ಸೀಟ್ ಕವರ್ ಹೊಲಿಯುವ ಅಂಗಡಿ. ಬಡಿಗತನದ ಮನೆಯವನಾದರೂ ಉಳಿ ಬಿಟ್ಟು ಸೂಜಿ ಹಿಡಿದಿದ್ದ. ಜೊತೆಗೆ ತಮ್ಮ ಮೌನೇಶ. ಅಣ್ಣ ಎಷ್ಟು ಮಾತುಗಾರನೋ ತಮ್ಮ ಅಷ್ಟೇ ಮೌನಿ, ಆ ಹೆಸರು ಯಾರಿಟ್ಟರೋ ನೋಡಿಯೇ ಇಟ್ಟಿರಬೇಕು. ನನ್ನನ್ನು ರೆಕ್ಸಿನ್ ಸುರುಳಿಗಳ ಮೇಲಿನ ಹಲಗೆಗೆ ಏರಿಸಿದರು. ಅಲ್ಲಿಂದ ನನಗೆ ಇಬ್ಬರ ನೆತ್ತಿಯೂ ಕಾಣುತ್ತಿತ್ತು.

ಒಂದು ದಿನ ಹುಬ್ಬಳ್ಳಿಗೆ ಹೋದ ಕಾಳಪ್ಪ ಒಂದು ಕ್ಯಾಸೆಟ್ ತಂದ. ಮುಚ್ಚಳದ ಮೇಲೆ ರೊಟ್ಟಿ ಬೇಯಿಸುವ ಹಂಚಿನ ಚಿತ್ರ. ವಾದ್ಯತಂಡದ ಹೆಸರು 'ಕಾದ ಹಂಚು', ಕ್ಯಾಸೆಟ್ಟಿನ ಹೆಸರು 'ಮುಟ್ಟಿದ್ರ ಸುಡತೈತಿ'. ಹುಬ್ಬಳ್ಳಿಯ ನಾಲ್ಕು ಮಂದಿ ಗಿಟಾರು ಡ್ರಮ್ಮು ಕಟ್ಟಿಕೊಂಡು ನಮ್ಮ ಮಾತಿನಲ್ಲೇ ರಾಕ್ ಹಾಡಿದ್ದರು. ಹಾಡುವವನು ಸ್ಯಾಮುವೆಲ್ ಹೊಸಮನಿ, ಡ್ರಮ್ಮು ಬಡಿಯುವವನು ಪುಂಡಲೀಕ. ಇನ್ನಿಬ್ಬರ ಹೆಸರು ಮುಚ್ಚಳದ ಮೇಲೆ ಅಳಿಸಿಹೋಗಿತ್ತು.

ಕ್ಯಾಸೆಟ್ಟು ನನ್ನೊಳಗೆ ಇಳಿಯಿತು. ಅಬ್ಬಾ, ಅದೆಂಥ ದನಿ! ಆಳವಾದ ಬಾವಿಯ ತಳದಿಂದ ಯಾರೋ ಕರೆದ ಹಾಗೆ. ಗಿಟಾರು ಗುಂಯ್ಯೆನ್ನುತ್ತಿತ್ತು, ಡ್ರಮ್ಮು ಎದೆಯ ಮೇಲೆ ಒಂದೊಂದಾಗಿ ಹೆಜ್ಜೆ ಇಡುತ್ತಿತ್ತು. ಮೌನೇಶನ ಸೂಜಿ ರೆಕ್ಸಿನ್ನಿನಲ್ಲೇ ನಿಂತುಹೋಯಿತು. ಅಣ್ಣ ಏನೋ ಹೇಳಲು ಬಾಯಿ ತೆಗೆದರೆ, ಎಂದೂ ಎದುರಾಡದ ತಮ್ಮ ಕೈಯೆತ್ತಿ, "ಸುಮ್ನಿರಣ್ಣ, ಈ ಮಗ್ಗಲಾ ಮುಗೀಲಿ!" ಎಂದ. ಕಾಳಪ್ಪ ದಂಗಾಗಿ ಬಾಯಿ ಮುಚ್ಚಿಕೊಂಡ. ಅಂದಿನಿಂದ ಆ ಅಂಗಡಿಗೆ ಅದೇ ಕಟ್ಟಳೆಯಾಯಿತು. 'ಕಾದ ಹಂಚು' ಹಚ್ಚಿದರೆ ಒಂದು ಮಗ್ಗುಲು ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ. ಗುಂಡಿ ಕಟ್ ಎಂದು ಮೇಲೆದ್ದ ಮೇಲೆಯೇ ಚಹಾ, ಮಾತು ಎಲ್ಲ. ಗಿರಾಕಿ ಬಂದರೂ ಕಾಯಬೇಕು.

ಆ ಕ್ಯಾಸೆಟ್ಟಿನ ನಾಲ್ಕನೆಯ ಹಾಡು 'ಹೋತು ಬಸ್ಸು'.

ಹೋತು ಬಸ್ಸು, ಹೋಗಲಿ ಬಿಡು,
ಧೂಳಿನ ಹಿಂದ ನಾ ಬರತೀನಿ,
ನನ್ನ ಪಾಲಿನ ರೊಟ್ಟಿ ಮುಚ್ಚಿಡು,
ನಡಕೋಂತ ನಡಕೋಂತ ನಾ ಬರತೀನಿ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಾಳಪ್ಪನ ಕಣ್ಣು ಹಳದಿಯಾದವು. ಕಾಮಾಲೆ ಎಂದು ಔಷಧಿ ಕುಡಿಸಿದರು, ಇಳಿಯಲಿಲ್ಲ. ಒಂದು ಬೆಳಿಗ್ಗೆ ಅವನು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋಗಲು ಬಸ್ಸು ಹತ್ತುವ ಮುಂಚೆ ಅಂಗಡಿಗೆ ಬಂದು, ನನ್ನ ನೆತ್ತಿಯ ಧೂಳು ಒರೆಸಿ, "ಸಂಜೀಕ ಬರ್ತೀನಿ ಮೌನ್ಯಾ, ಹಚ್ಚಿರು" ಎಂದ. ಬರಲಿಲ್ಲ. ಅವರವ್ವ ಹದಿಮೂರು ದಿನ ಅವನ ಪಾಲಿನ ರೊಟ್ಟಿಯನ್ನು ತಟ್ಟೆ ಮುಚ್ಚಿಟ್ಟಳು. ಮೌನೇಶ ಅಳಲಿಲ್ಲ. ಹದಿನಾಲ್ಕನೆಯ ದಿನ ಅಂಗಡಿಗೆ ಬಂದು ನನ್ನಲ್ಲಿ ನಾಲ್ಕನೆಯ ಹಾಡು ಹಚ್ಚಿದ. 'ನನ್ನ ಪಾಲಿನ ರೊಟ್ಟಿ ಮುಚ್ಚಿಡು' ಎಂದು ಆ ಬಾವಿಯ ದನಿ ನಿಧಾನವಾಗಿ ಹೇಳುತ್ತಲೇ, ರೆಕ್ಸಿನ್ ಸುರುಳಿಗೆ ಮುಖವೊತ್ತಿ ಹೋ ಎಂದು ಅತ್ತುಬಿಟ್ಟ. ನನಗೆ ಕಣ್ಣೀರಿಲ್ಲ, ಇದ್ದಿದ್ದರೆ ನಾನೂ ಅಳುತ್ತಿದ್ದೆ. ಆಮೇಲೆ ವರ್ಷಕ್ಕೊಮ್ಮೆ ಅಣ್ಣನ ದಿನ ಆ ಹಾಡು ತಪ್ಪಲಿಲ್ಲ. ಅವನ ಪಾಲಿಗೆ ಸ್ಯಾಮಣ್ಣ ಬರೀ ಹಾಡುಗಾರನಲ್ಲ, ಅಣ್ಣ ಹೋದಾಗ ಹೆಗಲ ಮೇಲೆ ಕೈಯಿಟ್ಟ ಮನುಷ್ಯ.

ನಡುವೆ ನನ್ನ ಸುಳ್ಳಿನ ಸುಳಿವು ಸಿಗಲಿಲ್ಲವೇ ಎಂದರೆ, ಸಿಕ್ಕಿತ್ತು. ಮೌನೇಶನ ಹೆಂಡತಿ ಸುವರ್ಣಾ ತವರಿನಿಂದ ತಂದ ಭಜನೆಯ ಕ್ಯಾಸೆಟ್ಟನ್ನು ಒಮ್ಮೆ ನನ್ನಲ್ಲಿ ಹಾಕಿ, "ಅಯ್ಯ, ಇವರಿಗೇನು ನೆಗಡಿ ಆಗೇತೇನ್ರಿ? ನಮ್ಮ ಮನ್ಯಾಗ ಹಿಂಗ ಹಾಡ್ತಿದ್ದಿಲ್ಲ!" ಎಂದಳು. "ನಿನ್ನ ಕ್ಯಾಸೆಟ್ಟು ಡೂಪ್ಲಿಕೇಟ್" ಎಂದುಬಿಟ್ಟ ಈ ಪುಣ್ಯಾತ್ಮ. ನನ್ನ ಜಪಾನಿ ಹೆಸರಿನ ಮೇಲೆ ಅವನಿಗೆ ಅಷ್ಟು ಭರವಸೆ. ಸಿನಿಮಾ ಹಾಡು ಅವನ ಕಿವಿಗೆ ಆಗುತ್ತಿರಲಿಲ್ಲ, ಬೇರೆ ಕ್ಯಾಸೆಟ್ ಕೊಳ್ಳಲಿಲ್ಲ, ತನ್ನದನ್ನು ಯಾರಿಗೂ ಕಡ ಕೊಡಲಿಲ್ಲ. ಕೇಳಬೇಕಾದವರು ಅಂಗಡಿಗೇ ಬರಬೇಕಿತ್ತು.

'ಕಾದ ಹಂಚು' ಆ ಒಂದೇ ಕ್ಯಾಸೆಟ್ಟಿಗೆ ಒಡೆದುಹೋಗಿತ್ತು. ಮಾಡಿಸಿದ್ದೇ ಮುನ್ನೂರು. ಕ್ಯಾಸೆಟ್ಟಿನ ಕಾಲವೂ ಮುಗಿಯಿತು. ಮೌನೇಶನ ಗೆಳೆಯ ಅಲ್ತಾಫ, ಅದೇ ಖಾದರಸಾಬರ ಮಗ, ತಂದೆ ತೀರಿಕೊಂಡ ಮೇಲೆ ರೇಡಿಯೋ ಅಂಗಡಿಯನ್ನು ಮೊಬೈಲ್ ಅಂಗಡಿ ಮಾಡಿದ್ದ. ಅವನೊಂದು ದಿನ, "ಏ ಮಾರಾಯಾ, ಈ ರಿಬ್ಬನ್ನು ಇವತ್ತೋ ನಾಳೆನೋ ಹರೀತೈತಿ. ಕಂಪ್ಯೂಟರಿಗೆ ಇಳಿಸಿ ಇಡೂಣು" ಎಂದ. ನನ್ನ ಕಿವಿಗೊಂದು ವೈರು ಸಿಕ್ಕಿಸಿ ಎಂಟೂ ಹಾಡನ್ನು ಇಳಿಸಿಕೊಂಡು ಇಂಟರ್ನೆಟ್ಟಿಗೆ ಹಾಕಿದ. ವರ್ಷ ಕಳೆಯುವಷ್ಟರಲ್ಲಿ ಊರೂರಿನ ಹುಡುಗ ಹುಡುಗಿಯರು 'ಬಾವಿಯಾಗಿನ ದನಿ' ಎಂದು ಹುಚ್ಚಾದರು. 'ಹಂಚಿನ ಮಂದಿ' ಎಂಬ ಗುಂಪು ಕಟ್ಟಿಕೊಂಡು ಏಳು ಸಾವಿರ ಜನ ಸೇರಿದರು. ಆ ಗುಂಪಿಗೆ ಯಜಮಾನ ನಮ್ಮ ಮೌನೇಶ. ಮಾತಾಡದ ಮನುಷ್ಯ ಬೆರಳ ತುದಿಯಲ್ಲಿ ಏಳು ಸಾವಿರ ಜನರೊಂದಿಗೆ ಹರಟುತ್ತಿದ್ದ. ನಾನಂತೂ ಹಲಗೆಯ ಮೇಲೆ ಕೂತು ಬೀಗಿದ್ದೇ ಬೀಗಿದ್ದು. ಎಲ್ಲ ನನ್ನ ಗಂಟಲಿನಿಂದ ಹೋಗಿದ್ದಲ್ಲವೇ!

ಆ ಹುಡುಗರ ಗದ್ದಲ ಹುಬ್ಬಳ್ಳಿಗೂ ಮುಟ್ಟಿತು. ಇಪ್ಪತ್ತೆರಡು ವರ್ಷದ ಮೇಲೆ 'ಕಾದ ಹಂಚು' ಮತ್ತೆ ಒಲೆಯೇರಿತು. ಹೊಸ ಆಲ್ಬಮ್ಮಿನ ಹೆಸರು 'ಮತ್ತ ಕಾದೈತಿ'. ಬಿಡುಗಡೆಯಾದ ಹತ್ತು ದಿನಕ್ಕೆ ಗದಗಿನಲ್ಲೇ ಕಾರ್ಯಕ್ರಮ.

ಈಗ ಹಾಡುಗಳು ಬರುವುದು ಮೊಬೈಲಿಗೆ. ಆದರೆ ಮೌನೇಶ, "ಮೊದಲನೇ ಸಲ ಇದರಾಗನ ಕೇಳಾಂವ. ಅಣ್ಣನ ಕೂಡ ಕೇಳಿದ್ದು ಇದರಾಗ" ಎಂದು ಹಟ ಹಿಡಿದ. ಅಲ್ತಾಫ ಖಾಲಿ ಕ್ಯಾಸೆಟ್ಟೊಂದನ್ನು ಹುಡುಕಿ ತಂದು, ವೈರು ಹಾಕಿ, ಸದ್ದು ಬಂದ್ ಮಾಡಿ, ಹೊಸ ಹಾಡುಗಳನ್ನೆಲ್ಲ ನನ್ನಲ್ಲೇ ತುಂಬಿಸಿದ. ಇಲ್ಲೇ ಎಡವಟ್ಟಾಯಿತು ನೋಡಿ. ನಾನು ಹಾಡುವಾಗ ಮಾತ್ರವಲ್ಲ, ತುಂಬಿಕೊಳ್ಳುವಾಗಲೂ ನಿಧಾನವೇ. ನಿಧಾನವಾಗಿ ತುಂಬಿಕೊಂಡಿದ್ದನ್ನು ಅದೇ ನಿಧಾನದಲ್ಲಿ ಹೊರಗೆ ಬಿಟ್ಟರೆ ದನಿ ಇದ್ದದ್ದು ಇದ್ದ ಹಾಗೆಯೇ ಬರುತ್ತದೆ. ಅಂದರೆ ನನ್ನ ಬಾಯಿಂದ ಸ್ಯಾಮಣ್ಣನ ನಿಜವಾದ ದನಿ ಹೊರಬೀಳುವುದು ಅದೇ ಮೊದಲಾಗಿತ್ತು.

ಭಾನುವಾರ ಮಧ್ಯಾಹ್ನ. ಶಟರು ಅರ್ಧ ಇಳಿಸಿದ್ದರು. ಮೌನೇಶ ಮಿಂದು, ಮಡಿ ಅಂಗಿ ಹಾಕಿಕೊಂಡು ಬಂದಿದ್ದ. ಅಲ್ತಾಫ, ಸುವರ್ಣಾ ಸ್ಟೂಲಿನ ಮೇಲೆ ಕೂತರು. ಮೌನೇಶ ಗುಂಡಿ ಒತ್ತಿದ.

ಗಿಟಾರು ಶುರುವಾಯಿತು. ಚೆನ್ನಾಗಿತ್ತು. ಮೌನೇಶನ ಮುಖ ಅರಳಿತು. ಆಮೇಲೆ ದನಿ ಬಂತು.

ತೆಳ್ಳಗಿನ, ಚುರುಕಿನ, ಮೂಗಿನಿಂದ ಬಂದಂಥ ಒಂದು ದನಿ! ನಾನೇ ಬೆಚ್ಚಿಬಿದ್ದೆ. ಇದ್ಯಾರು ನನ್ನ ಬಾಯಲ್ಲಿ ಹಾಡುತ್ತಿರುವುದು? ಮೌನೇಶನ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು. ಅಲ್ತಾಫ ಅವನನ್ನು ನೋಡಿದ, ಸುವರ್ಣಾ ಇಬ್ಬರನ್ನೂ ನೋಡಿದಳು. ಕಟ್ಟಳೆ ಇತ್ತಲ್ಲ, ಯಾರೂ ಮಾತಾಡುವಂತಿರಲಿಲ್ಲ. ಮೂವರೂ ನಾಲ್ಕು ಹಾಡು ಕೇಳಿದರು. ಗುಂಡಿ ಕಟ್ ಎಂದು ಮೇಲೆದ್ದಿತು.

"ಇಂವ ಸ್ಯಾಮಣ್ಣ ಅಲ್ಲ," ಎಂದ ಮೌನೇಶ.

"ವಯಸ್ಸಾಗಿರ್ತೈತೋ," ಎಂದ ಅಲ್ತಾಫ.

"ವಯಸ್ಸಾದ್ರ ದನಿ ದಪ್ಪ ಆಕ್ಕೈತಿ, ಹಿಂಗ ಕೋಳಿಮರಿ ಆಗೂದಿಲ್ಲ. ಡ್ರಮ್ಮು ಕೇಳಿದಿಲ್ಲೋ? ಅದು ಪುಂಡಲೀಕನ ಕೈ ಅಲ್ಲ, ಕಂಪ್ಯೂಟರು! ಯಾರ್ಯಾರನೋ ತಂದು ಹಾಡಿಸಿ ಸ್ಯಾಮಣ್ಣನ ಹೆಸರು ಅಂಟಿಸ್ಯಾರ."

"ಈ ಮಷೀನದಾಗ ಏನರ..." ಎಂದು ಸುವರ್ಣಾ ಬಾಯಿ ತೆಗೆದಳು.

"ಮಷೀನು ಅದs, ಕಿವಿ ಅವs, ಇಪ್ಪತ್ತೆರಡು ವರ್ಷದಿಂದ ಕೇಳಿದ್ದು ಇದರಾಗನ! ಮಷೀನು ಹೆಂಗ ಸುಳ್ಳು ಹೇಳ್ತೈತಿ?"

ಅಯ್ಯೋ ಶಿವನೇ! ಆ ಮಾತು ಬಿದ್ದ ಕೂಡಲೇ ನನ್ನೊಳಗೆ ಖಾದರಸಾಬರ ಸ್ಕ್ರೂಡ್ರೈವರು ತಿರುಗಿದಂತಾಯಿತು. ಕರಿ ಎರಡು. ಅನಸೂಯಕ್ಕಾರು. ಕೆಂಪು ಚುಕ್ಕೆ. ಎಲ್ಲ ಒಟ್ಟಿಗೆ ನೆನಪಾಯಿತು. ಸುಳ್ಳುಗಾರ ಆ ಬಡಪಾಯಿ ಸ್ಯಾಮುವೆಲ್ ಅಲ್ಲ, ನಾನು! ಬಾಯಿಬಿಟ್ಟು ಹೇಳಬೇಕು ಎಂದರೆ, ಕ್ಯಾಸೆಟ್ಟಿನ ಮಾತು ಬಿಟ್ಟು ನನ್ನದೇ ಆದ ಒಂದು ಮಾತು ನನಗೆ ದೇವರು ಕೊಟ್ಟಿಲ್ಲ.

ಮೌನೇಶ ಅದೇ ಸಿಟ್ಟಿನಲ್ಲಿ ಮೊಬೈಲಿಗೆ ಬಾಯಿಟ್ಟು ಗುಂಪಿಗೆ ಹೇಳಿಬಿಟ್ಟ: "ಹಂಚಿನ ಮಂದಿ, ಕೇಳ್ರಿ. ಇದು ನಮ್ಮ ಸ್ಯಾಮಣ್ಣನ ದನಿ ಅಲ್ಲ. ಮೋಸ ಆಗೇತಿ." ಸಂಜೆಯಾಗುವಷ್ಟರಲ್ಲಿ ಏಳು ಸಾವಿರ ಜನ ಹೌದು ಹೌದು ಎಂದರು. ಗದಗಿನ ಕಾರ್ಯಕ್ರಮಕ್ಕೆ ಯಾರೂ ಹೋಗಬೇಡಿ ಎಂಬ ಮಾತು ಎದ್ದಿತು. ಇಪ್ಪತ್ತೆರಡು ವರ್ಷದ ಮೇಲೆ ಎದ್ದು ನಿಂತವರು ನಾನು ಹೇಳಿದ ಸುಳ್ಳಿನಿಂದ ಮತ್ತೆ ಮಲಗುವ ಹಾಗಾಯಿತು.

ಒಂದು ಮೋಜು ಮಾತ್ರ ಹೇಳಲೇಬೇಕು. ಬೈಯುತ್ತಲೇ ಅವನು ಆ ಹೊಸ ಕ್ಯಾಸೆಟ್ಟನ್ನು ದಿನಕ್ಕೆ ಮೂರು ಸಲ ಹಚ್ಚುತ್ತಿದ್ದ. "ಈ ಗಿಟಾರಿಗೆ ಮೈ ಝುಂ ಅಂತೈತಿ, ಥೂ!" ಎನ್ನುತ್ತಿದ್ದ. ಮೂರನೆಯ ಹಾಡು 'ಹೊಗಿ' ಅವನಿಗೆ ಎಷ್ಟು ಹಿಡಿಸಿತ್ತೆಂದರೆ ಸೀಟು ಹೊಲಿಯುವಾಗ ಮಷೀನಿನ ಪೆಡಲು ಅದೇ ತಾಳಕ್ಕೆ ತುಳಿಯುತ್ತಿದ್ದ. ಸುವರ್ಣಾ ನಕ್ಕರೆ ನಾಲಿಗೆ ಕಚ್ಚಿಕೊಂಡು ನಿಲ್ಲಿಸುತ್ತಿದ್ದ. ಹಾಡು ಬೇಕು, ಆ ದನಿ ಬೇಡ. ಅವನ ಸಂಕಟ ನೋಡಲಾಗುತ್ತಿರಲಿಲ್ಲ.

ಗುರುವಾರ ಹನ್ನೊಂದರ ಸುಮಾರಿಗೆ ಅಂಗಡಿಯ ಮುಂದೆ ಒಂದು ಆಟೋ ನಿಂತಿತು. ಬೆನ್ನಿಗೆ ಗಿಟಾರು ಹಾಕಿಕೊಂಡ, ನರಪೇತಲ ಮನುಷ್ಯನೊಬ್ಬ ಇಳಿದ. ಐವತ್ತರ ಹತ್ತಿರದ ವಯಸ್ಸು, ಕನ್ನಡಕ.

"ಮೌನೇಶ ಬಡಿಗೇರ ಅಂದ್ರ ನೀವೇನ್ರಿ? ನಾ ಸ್ಯಾಮುವೆಲ್ ಹೊಸಮನಿ."

ಅದೇ ದನಿ. ತೆಳ್ಳಗೆ, ಚುರುಕಾಗಿ, ಮೂಗಿನಿಂದ. ಮೌನೇಶನ ಕೈಯಿಂದ ಕತ್ತರಿ ಜಾರಿ ಕಾಲ ಮೇಲೆ ಬಿತ್ತು, ಅದರ ಪರಿವೆಯೂ ಅವನಿಗಿರಲಿಲ್ಲ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಅಲ್ತಾಫ ಎದ್ದು ನಿಂತ.

"ನನ್ನ ದನಿ ನಂದಲ್ಲ ಅಂತ ಏಳು ಸಾವಿರ ಮಂದಿಗೆ ಹೇಳೀರಂತ. ಜಗಳಾಡಾಕ ಬಂದಿಲ್ರಿ. ಯಾಕ ಹಂಗ ಅನ್ನಿಸ್ತು, ಅದನ್ನಷ್ಟು ತಿಳ್ಕೊಂಡು ಹೋಗ್ತೀನಿ."

ಮೌನೇಶ ಹಲಗೆಯತ್ತ ಕೈ ಚಾಚಿದ. ಹಳೆಯ ಕ್ಯಾಸೆಟ್ಟನ್ನು ನನ್ನಲ್ಲಿ ಇಳಿಸಿ, 'ಹೋತು ಬಸ್ಸು' ಹಚ್ಚಿ, ಕೈಕಟ್ಟಿ ನಿಂತ. ನಾನು ಹಾಡಬಾರದು ಎಂದು ಹಲ್ಲು ಕಚ್ಚಿದೆ. ಮೋಟರು ಕೇಳಬೇಕಲ್ಲ.

ಬಾವಿಯ ದನಿ ಅಂಗಡಿ ತುಂಬಿತು. ಸ್ಯಾಮುವೆಲ್ ಎರಡು ಸಾಲು ಕೇಳಿದ. ಬಾಯಿ ತೆರೆದೇ ಇತ್ತು.

"ಇದು ಯಾರ್ರೀ?"

"ನೀವs!" ಎಂದ ಮೌನೇಶ.

"ನಾನಲ್ಲ. ಇಷ್ಟು ದೊಡ್ಡ ದನಿ ನನಗ ದೇವರು ಕೊಟ್ಟಿದ್ರ ಇಪ್ಪತ್ತೆರಡು ವರ್ಷ ಮನ್ಯಾಗ ಕೂಡ್ರತಿದ್ದೆ ಏನು?"

"ಇಂಟರ್ನೆಟ್ಟಿನ್ಯಾಗ ನೀವು ಕೇಳಿಲ್ಲೇನ್ರಿ?" ಎಂದ ಅಲ್ತಾಫ.

"ಮಗಳು ಫೋನಿನ್ಯಾಗ ತೋರಿಸಿದ್ಲು, ಆ ಸಣ್ಣ ಸ್ಪೀಕರಿನ್ಯಾಗ ದನಿ ಇಷ್ಟು ದಪ್ಪ ಕೇಳಿದ್ದಿಲ್ಲ. ಹಳೇ ರಿಬ್ಬನ್ನು, ಜಗ್ಗೇತಿ ಅನ್ಕೊಂಡು ಕಾಲು ಹಾಡಿಗೇ ಬಂದ್ ಮಾಡಿದೆ. ನನ್ನ ಹಂತೇಕ ಒಂದು ಕ್ಯಾಸೆಟ್ಟೂ ಉಳದಿಲ್ಲ." ಹೇಳುತ್ತಲೇ ಅವನು ಗಿಟಾರು ತೆಗೆದು ನನ್ನ ಹಾಡಿನ ಜೊತೆ ನುಡಿಸಲು ನೋಡಿದ. ಹೊಂದಲಿಲ್ಲ. ಬೆರಳನ್ನು ಮೂರು ಮನೆ ಕೆಳಗೆ ಸರಿಸಿ ನುಡಿಸಿದ. ಹೊಂದಿತು. ಅವನ ಕಣ್ಣು ಅಗಲವಾದವು. "ನಾವು ಹಾಡಿದ್ದು ಈ ಸುರದಾಗ ಅಲ್ರಿ. ಈ ಡಬ್ಬಿ ನಿಧಾನ ಓಡಾಕತ್ತೇತಿ!"

ಅಲ್ತಾಫ ನನ್ನನ್ನು ಹಲಗೆಯಿಂದ ಇಳಿಸಿ ಬೋರಲು ಹಾಕಿದ. ಬೆನ್ನು ಬಿಚ್ಚುವ ಮುಂಚೆ, ಬ್ಯಾಟರಿ ಗೂಡಿನ ಮುಚ್ಚಳ ಕಳಚಿಬಂತು. ಒಳಗೆ ಹಳದಿಯಾದ ಚೀಟಿ. ಅಲ್ತಾಫ ಅದನ್ನು ಬೆಳಕಿಗೆ ಹಿಡಿದ.

"ಯಾ ಅಲ್ಲಾ, ಇದು ನಮ್ಮಪ್ಪನ ಕೈಬರಹ!"

ಅವನೇ ಜೋರಾಗಿ ಓದಿದ: "ಅನಸೂಯಕ್ಕಾರ ಸಲುವಾಗಿ ಕರಿ ಎರಡಕ್ಕೆ ಇಳಿಸಿದ್ದು. ಕೆಂಪು ಗುರುತು ಬಿಟ್ಟು ತಿರುಪು ಮುಟ್ಟಬಾರದು. ಖಾದರ."

 ಮೌನೇಶ ನನ್ನನ್ನು ನೋಡಿದ ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ಮನೆಯವರೇ ಮೋಸ ಮಾಡಿದಾಗ ನೋಡುವ ನೋಟ ಅದು.

ಅಲ್ತಾಫ ಬೆನ್ನು ಬಿಚ್ಚಿದ. ತಂದೆ ಇಟ್ಟ ಚುಕ್ಕೆ ಇನ್ನೂ ಕೆಂಪಗಿತ್ತು. ಸ್ಕ್ರೂಡ್ರೈವರನ್ನು ಮೌನೇಶನ ಕೈಗೆ ಕೊಟ್ಟು, "ನೀನs ತಿರುವು. ನನ್ನ ಕೈಲೆ ಆಗೂದಿಲ್ಲ" ಎಂದ. ಸ್ಯಾಮುವೆಲ್ ಗಿಟಾರಿನಲ್ಲಿ ಹಾಡಿನ ನಿಜವಾದ ಸುರ ಹಿಡಿದು ಕೂತ. ಮೌನೇಶ ತಿರುವಿದ. ಮೂವತ್ತು ವರ್ಷ ಮೆಲ್ಲಗೆ ನಡೆದವನು ನಾನು. ಒಮ್ಮೆಲೇ ಓಡು ಎಂದರೆ ಎದೆ ಡವಡವಿಸುವುದಿಲ್ಲವೇ? ದನಿ ಏರಿತು, ಏರಿತು, ಗಿಟಾರಿಗೆ ಬಂದು ಕೂಡಿತು.

ಹಾಡನ್ನು ಮೊದಲಿನಿಂದ ಹಚ್ಚಿದರು.

ಹೋತು ಬಸ್ಸು ಹೋಗಲಿ ಬಿಡು! ಡ್ರಮ್ಮು ಕುಣಿಯುತ್ತಿತ್ತು. ಗಿಟಾರು ಕಚಗುಳಿ ಇಡುತ್ತಿತ್ತು. ತೆಳ್ಳಗಿನ ದನಿಯ ಹುಡುಗನೊಬ್ಬ, ಬಸ್ಸು ತಪ್ಪಿಸಿಕೊಂಡವನ ಗತ್ತಿನಲ್ಲಿ ನಗುನಗುತ್ತಾ ಹಾಡುತ್ತಿದ್ದ. 'ನನ್ನ ಪಾಲಿನ ರೊಟ್ಟಿ ಮುಚ್ಚಿಡು' ಎನ್ನುವಾಗ ಹಿಂದೆ ಯಾರೋ ಕಿಸಕ್ಕನೆ ನಕ್ಕಿದ್ದರು. ನಾನು ಓಡುತ್ತಿದ್ದ ನಿಧಾನದಲ್ಲಿ ಆ ನಗು ಇಪ್ಪತ್ತೆರಡು ವರ್ಷ ನಿಟ್ಟುಸಿರಿನ ಹಾಗೆ ಕೇಳಿಸಿತ್ತು.

"ಇದು... ಇದು ನಗೂ ಹಾಡೇನ್ರಿ?" ಎಂದ ಮೌನೇಶ.

"ಹೌದ್ರಿ. ಪುಂಡಲೀಕ ಗಿರ್ಮಿಟ್ ತಿನ್ಕೋಂತ ನಿಂತು ಬಸ್ಸು ತಪ್ಪಿಸಿಕೊಂಡಿದ್ದ. ಅವನ್ನ ಕಾಡಸಾಕ ಬರದಿದ್ದು. ಹಿಂದ ನಗಾಕತ್ತಾನಲ್ಲ, ಅಂವನs."

ಮೌನೇಶ ಸ್ಟೂಲಿನ ಮೇಲೆ ಕೂತ. "ನಮ್ಮಣ್ಣ ಸತ್ತಾಗ ನಾ ಈ ಹಾಡು ಕೇಳಿ ಅತ್ತೀನ್ರಿ. ವರ್ಷಾ ವರ್ಷಾ ಅತ್ತೀನಿ. ನಮ್ಮವ್ವ ರೊಟ್ಟಿ ಮುಚ್ಚಿಟ್ಟಿದ್ಲು. ನೀವು ನಮ್ಮಣ್ಣನ ಸಲುವಾಗಿನ ಬರದೀರಿ ಅನ್ಕೊಂಡಿದ್ದೆ. ನೀವು ನಗಾಕತ್ತಿದ್ರೇನ್ರಿ?"

ಸ್ಯಾಮುವೆಲ್ ಗಿಟಾರನ್ನು ಕೆಳಗಿಟ್ಟ. "ಆಗ ನನಗ ಇಪ್ಪತ್ತಾರು ವರ್ಷ. ಒಂದು ಸಾವೂ ನೋಡಿದ್ದಿಲ್ಲ. ಹೊಸಾದ್ರಾಗ ಡ್ರಮ್ಮು ಕಂಪ್ಯೂಟರು ಅಂತ ಬೈದೀರಂತ. ಖರೇನ. ಪುಂಡಲೀಕ ಕೊರೋನಾದಾಗ ಹೋದ. ಅವನ ಜಾಗಾದಾಗ ಇನ್ನೊಬ್ಬನ್ನ ಕೂಡ್ರಿಸಾಕ ಮನಸಾಗಲಿಲ್ಲ" ಎಂದ.

ಮೌನೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ತಪ್ಪಾತ್ರಿ ಅಣ್ಣಾರ. ದೊಡ್ಡ ತಪ್ಪಾತು."

"ತಿರುಪು ತಿರುಗಿ ಮೊದಲಿನ ಜಾಗಾಕ್ಕ ತರ್ರಿ," ಎಂದ ಸ್ಯಾಮುವೆಲ್. "ಆ ನಿಧಾನಂದು ನನಗಿನ್ನೊಮ್ಮೆ ಕೇಳೂದೈತಿ."

ತಿರುವಿದರು. ಈ ಸಲ ಗುಂಡಿ ಮೇಲೆದ್ದು ಎಷ್ಟು ಹೊತ್ತಾದರೂ ಯಾರಿಗೂ ಚಹಾದ ನೆನಪಾಗಲಿಲ್ಲ. ಸ್ಯಾಮುವೆಲ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಲೇ ಇದ್ದ.

ಮೌನೇಶ ಅಂದೇ ಗುಂಪಿಗೆ ಎಲ್ಲ ಬಿಚ್ಚಿ ಹೇಳಿದ, ಚೀಟಿಯ ಫೋಟೋ ಸಮೇತ. ಕೆಲವರು ನಕ್ಕರು, ಕೆಲವರು ಅವನನ್ನು ಬಾಯಿಗೆ ಬಂದಂತೆ ಬೈದರು, ಇನ್ನು ಕೆಲವರು ನಮಗೆ ಬಾವಿಯ ದನಿಯೇ ಬೇಕು ಎಂದು ಗುಂಪು ಬಿಟ್ಟರು. ಕಾರ್ಯಕ್ರಮಕ್ಕೆ ಮೈದಾನ ಅರ್ಧ ತುಂಬಿತ್ತಂತೆ. 'ಹೊಗಿ' ಹಾಡಿಗೆ ಎಲ್ಲರಿಗಿಂತ ಮೊದಲು ಎದ್ದು ಕುಣಿದವನು ಮೌನೇಶನೇ ಎಂದು ಸುವರ್ಣಾ ಇಂದಿಗೂ ಕಾಡಿಸುತ್ತಾಳೆ. ಹೊಸ ಆಲ್ಬಮ್ಮು ಇಷ್ಟವೇ ಎಂದು ಯಾರಾದರೂ ಕೇಳಿದರೆ ಮಾತ್ರ, "ಎಂಟರಾಗ ಮೂರು ಚಲೋ ಅದಾವು" ಎಂದು ಮುಖ ತಿರುಗಿಸುತ್ತಾನೆ.

ನನಗೀಗ ವಯಸ್ಸಾಗಿದೆ. ಮುಚ್ಚಳ ಮುರಿದಿದೆ, ಜಪಾನಿ ಹೆಸರಿನ ಅರ್ಧ ಅಕ್ಷರ ಉದುರಿವೆ. ಹಲಗೆಯಿಂದ ಇಳಿಸಿ ಅಂಗಡಿಯ ಮೂಲೆಯಲ್ಲಿ, ಹಳೆ ಸೀಟುಗಳ ಪಕ್ಕ ಇಟ್ಟಿದ್ದಾರೆ. ಮೇಲಿನ ಧೂಳನ್ನು ಮೌನೇಶ ಈಗಲೂ ತಾನೇ ಒರೆಸುತ್ತಾನೆ. ತಿರುಪು ಈಗ ಸರಿಯಾದ ಜಾಗದಲ್ಲಿದೆ; ಅಲ್ತಾಫ ಅಲ್ಲೊಂದು ಹಸಿರು ಚುಕ್ಕೆ ಇಟ್ಟಿದ್ದಾನೆ. ತಂದೆಯ ಕೆಂಪು ಚುಕ್ಕೆಯನ್ನು ಅಳಿಸಿಲ್ಲ. ಇಷ್ಟಾದರೂ ಒಂದು ಕೊರಗು ನನ್ನನ್ನು ತಿನ್ನುತ್ತಿತ್ತು. ಒಬ್ಬನ ನಗುವನ್ನು ಅಳುವೆಂದು ಮಾರಿದವನು, ಒಬ್ಬನ ಅಳುವನ್ನು ದಾರಿತಪ್ಪಿಸಿದವನು ನಾನು ಎಂದು.

ಮೊನ್ನೆ ಕಾಳಪ್ಪನ ದಿನ. ಮೌನೇಶ ನನ್ನ ಬೆನ್ನು ಬಿಚ್ಚಿ, ಸ್ಕ್ರೂಡ್ರೈವರು ಹಿಡಿದು, ಹಸಿರೋ ಕೆಂಪೋ ಎಂದು ಬಹಳ ಹೊತ್ತು ಕೂತಿದ್ದ. ಅಷ್ಟರಲ್ಲಿ ಸ್ಯಾಮುವೆಲ್ಲನ ಫೋನು ಬಂತು.

"ಮೌನೇಶ, ಇವತ್ತ ಅಲ್ಲೇನು ನಿಮ್ಮಣ್ಣನ ದಿನ? ತಿರುವಿಯೇನು?"

"ಅದನ್ನ ನೋಡ್ಕೋಂತ ಕುಂತೀನ್ರಿ ಅಣ್ಣಾರ."

"ಕೆಂಪಿಗೆ ತಿರುವು. ಫೋನು ಬಾಜೂಕ ಇಡು. ನಾನೂ ಕೇಳ್ತೀನಿ. ಮಗ್ಗಲಾ ಮುಗಿಯೂತನ ಮಾತಾಡೂದಿಲ್ಲ."

ಮೌನೇಶ ತಿರುವಿದ. ನಾನು ನನ್ನ ಹಳೆಯ ನಡಿಗೆಯಲ್ಲಿ ಹಾಡಿದೆ. ರೊಟ್ಟಿಯ ಸಾಲು ಬಂದಾಗ, ಹಿಂದೆ ಪುಂಡಲೀಕನ ನಗು ನಿಟ್ಟುಸಿರಾಗಿ ಹಾದುಹೋಯಿತು. ಫೋನಿನಲ್ಲಿ ಯಾರೋ ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಕಟ್ ಎಂದು ಗುಂಡಿ ಮೇಲೆದ್ದಿತು.

"ಮೌನೇಶ," ಎಂದಿತು ಆ ತೆಳ್ಳಗಿನ ದನಿ, "ಪುಂಡ್ಯಾ ಹೋದ ದಿನ ನಾ ಹಾಡಬೇಕಿದ್ದಿದ್ದು ಇದನ್ನ, ಹಿಂಗ. ನನ್ನ ಕೈಲೆ ಆಗಲಿಲ್ಲೋ."

ಅಂದಿನಿಂದ ನನ್ನ ಬೆನ್ನಿನ ತಿರುಪಿನ ಬಗ್ಗೆ ನನಗೆ ನಾಚಿಕೆ ಇಲ್ಲ.